ಕಾಲುವೆ ಏರಿಯ ಮೇಲೆ ಎರಡು ಫೋನು

ಗಂಡನ ಫೋನು ಬಂದಾಗ ಮುನೀರಾ ತಿಕೋಟಾದಿಂದ ಬಬಲೇಶ್ವರಕ್ಕೆ ಹೊರಟಿದ್ದ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ತಾನೇ ಹೊಲಿದ ಪೆಟಿಕೋಟುಗಳ ಗಂಟು. ಬಬಲೇಶ್ವರದಲ್ಲಿ ಅಂದು ಸಂತೆ. ಜೀಪಿನೊಳಗೆ ಕಾಲು ಚಾಚಲು ಜಾಗವಿರಲಿಲ್ಲ. ಗಂಟಿನ ಕೆಳಗಿನಿಂದ ಫೋನು ಎಳೆದುಕೊಳ್ಳುವಷ್ಟರಲ್ಲಿ ಅದು ಒಮ್ಮೆ ನಿಂತು ಮತ್ತೆ ರಿಂಗಾಗತೊಡಗಿತ್ತು.

"ಮುನೀರಾ, ಅಬ್ಬಾ ನಿನಗ ಫೋನ್ ಮಾಡ್ಯಾರೇನು?" ಜಾವೀದ ಏದುಸಿರು ಬಿಡುತ್ತಿದ್ದ.

"ಇಲ್ಲಲ್ರಿ. ನಿಮ್ಮ ಜೋಡಿನ ಅದಾರಲ್ಲ?"

"ಇಲ್ಲ. ಅವರು ಗಾಡಿ ಹತ್ಯಾರ, ನಾ ಉಳದೇನಿ. ಬಾಗಲಾ ಮುಚ್ಚಿಬಿಟ್ಟಿತು."

"ಯಾವ ಗಾಡಿ? ಎಲ್ಲಿ?"

ಉತ್ತರ ಬರುವ ಮೊದಲೇ ಜೀಪು ತಗ್ಗಿಗಿಳಿಯಿತು, ಮಾತು ತುಂಡಾಯಿತು. ಆ ದಾರಿಯಲ್ಲಿ ಫೋನು ಹಾಗೆಯೇ. ಒಂದು ಹೊಲದಲ್ಲಿ ಹತ್ತಿದರೆ ಇನ್ನೊಂದು ಹೊಲದಲ್ಲಿ ಹತ್ತುವುದಿಲ್ಲ. ಮುನೀರಾ ಫೋನನ್ನು ಕಿಟಕಿಯಿಂದ ಹೊರಗೆ ಚಾಚಿ ಹಿಡಿದಳು. ಪಕ್ಕದಲ್ಲಿದ್ದ ಮುದುಕಿ, "ಕೈ ಒಳಗ ತಗೋ ಯವ್ವಾ, ಲಾರಿ ಬರತಾವ" ಎಂದಳು.

ಜಾವೀದ ಮತ್ತು ಅವನ ತಂದೆ ಗುಡುಸಾಬ ಹಿಂದಿನ ದಿನ ವಿಜಯಪುರದಲ್ಲಿ ಮುಂಬೈಯ ರೈಲು ಹತ್ತಿದ್ದರು. ಗುಡುಸಾಬನ ಅಕ್ಕ ಹಾಜಿರಾಬಿ ಮುಂಬೈಯ ಮರೋಳದಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು; ತಮ್ಮನನ್ನು ಒಂದು ಸಲ ನೋಡಬೇಕು ಎಂದು ಹೇಳಿ ಕಳಿಸಿದ್ದಳು. ಬೆಳಿಗ್ಗೆ ಅಲ್ಲಿಯ ದೊಡ್ಡ ಸ್ಟೇಶನ್ನು ವೀಟಿಯಲ್ಲಿ ಇಳಿದು, ನೆಲದಡಿ ಓಡುವ ಮೆಟ್ರೋ ಹಿಡಿದರೆ ಸೀದಾ ಮರೋಳ ನಾಕಾ ಮುಟ್ಟಬಹುದು ಎಂದು ಹಾಜಿರಾಬಿಯ ಅಳಿಯ ಫೋನಿನಲ್ಲಿ ಹೇಳಿದ್ದ. ಜಾವೀದನನ್ನು ಜೊತೆಗೆ ಕಳಿಸಿದ್ದು ಮುನೀರಾಳೇ. ಅವನು ಬೇಡವೆಂದಿದ್ದ. ಗುಡುಸಾಬನೂ ಬೇಡವೆಂದಿದ್ದ. ಇಬ್ಬರೂ ಬೇಡವೆಂದದ್ದನ್ನು ಅವಳಿಗೇ ಹೇಳಿದ್ದರು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಹೊನವಾಡದ ಅವರ ಮನೆಯಲ್ಲಿ ತಂದೆ ಮಗ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಗುಡುಸಾಬ ಬೀಗರ ಊರಿಗೆ ಹೋಗಿದ್ದಾಗ ಜಾವೀದ ಹೊಲದಲ್ಲಿದ್ದ ನಿಂಬೆಗಿಡಗಳನ್ನೆಲ್ಲ ಕಡಿಸಿ ದ್ರಾಕ್ಷಿ ಹಚ್ಚಿಸಿದ್ದ. ಮುದುಕ ಮರಳಿ ಬಂದು, ಹೊಲದ ಬದುವಿನ ಮೇಲೆ ಸಂಜೆಯವರೆಗೆ ನಿಂತು, ಮನೆಗೆ ಬಂದು ಕೈಕಾಲು ತೊಳೆದುಕೊಂಡು ಉಂಡು ಮಲಗಿದ. ಬೈಯಲಿಲ್ಲ. ಮರುದಿನದಿಂದ ಮಗನ ಜೊತೆ ಮಾತು ಬಂದ್. ಊಟಕ್ಕೆ ಎದುರುಬದುರು ಕೂತಿದ್ದಾಗಲೂ, "ಮುನೀರಾ, ಪಂಪ್ ಬಂದ್ ಮಾಡಂತ ಹೇಳು ಅವಗ" ಎನ್ನುತ್ತಿದ್ದ. ಜಾವೀದ ತಲೆ ಎತ್ತದೆ, "ಮಾಡೇನಿ ಅಂತ ಹೇಳು" ಎನ್ನುತ್ತಿದ್ದ. ಮೊದಮೊದಲು ಮುನೀರಾ ಎರಡೂ ಕಡೆಯ ಮಾತನ್ನು ನಿಜವಾಗಿಯೂ ತಿರುಗಿ ಹೇಳುತ್ತಿದ್ದಳು. ಆಮೇಲೆ ಸುಮ್ಮನೆ ಇಬ್ಬರ ನಡುವೆ ಕೂತಿರುವುದೇ ಅವಳ ಕೆಲಸವಾಯಿತು. ಅವಳು ತವರಿಗೆ ಹೋದರೆ ಆ ಮನೆ ಮೂಕವಾಗುತ್ತಿತ್ತು. ಒಂದು ಇಡೀ ರಾತ್ರಿ ಅವರಿಬ್ಬರನ್ನೇ ರೈಲಿನಲ್ಲಿ ಕೂಡಿಸಿದರೆ, ಚಹಾ ಬೇಕೋ ಬೇಡವೋ ಎಂದಾದರೂ ಕೇಳಿಕೊಳ್ಳಬೇಕಾಗುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಆ ಲೆಕ್ಕವೇ ಈಗ ತಪ್ಪಿತ್ತು.

ಫೋನು ಮತ್ತೆ ಹತ್ತಿತು. ಈ ಸಲ ಅವಳೇ ಮೊದಲು ಕೇಳಿದಳು. "ಸರಿಯಾಗಿ ಹೇಳ್ರಿ, ಏನಾತು?"

"ಪ್ಲಾಟ್‌ಫಾರ್ಮಿನ್ಯಾಗ ಕುರ್ಚಿ ಮ್ಯಾಲ ಚೀಲ ಇಟ್ಟಿದ್ದೆ. ಗಾಡಿ ಬಂತು. ಚೀಲ ತಗೊಳ್ಳಾಕ ಹಿಂದ ಹ್ವಾದೆ. ಅವರು ಹತ್ತಿಬಿಟ್ಟರು. ಗಾಜಿನ ಬಾಗಲಾ, ಮುಚ್ಚಿದ್ರ ತೆಗಿಯೂದಿಲ್ಲ. ಒಳಗ ನಿಂತು ನನ್ನ ನೋಡಾಕತ್ತಿದ್ರು."

"ಚೀಲ ತರತೇನಿ, ನಿಂದರ್ರಿ ಅಂತ ಹೇಳಲಿಲ್ಲೇನು?"

ಕೇಳುತ್ತಿದ್ದಂತೆಯೇ ಮುನೀರಾಳಿಗೆ ಉತ್ತರ ಗೊತ್ತಾಯಿತು.

"ಕೆಳಗ ಫೋನ್ ಹತ್ತೂದಿಲ್ಲ," ಎಂದ ಜಾವೀದ. "ಒಂದು ಕಡ್ಡೀನೂ ಇಲ್ಲ. ಅದಕ್ಕ ಮ್ಯಾಲ ರಸ್ತಾಕ್ಕ ಬಂದು ಮಾಡಾಕತ್ತೇನಿ. ಟಿಕೆಟೂ ನನ್ನ ಕಡೆ ಐತಿ."

"ಮರೋಳ ನಾಕಾ ಅಂತ ಅವರಿಗೆ ನಾ ಹತ್ತು ಸಲ ಹೇಳಿ ಕಳಿಸೇನಿ. ಅಲ್ಲೇ ಇಳದಿರತಾರ. ನೀವು ಮುಂದಿನ ಗಾಡಿಗೆ ಅಲ್ಲಿಗೇ ಹೋಗ್ರಿ. ಜಲ್ದಿ."

ಅವನು ಹೂಂ ಎಂದು ಓಡಿದ. ಅವನ ಚಪ್ಪಲಿಯ ಸಪ್ಪಳ ಕೇಳಿಸುತ್ತಿದ್ದಂತೆ ಫೋನು ಸತ್ತುಹೋಯಿತು.

ಮುನೀರಾ ಮಾವನಿಗೆ ಹಚ್ಚಿದಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಂಗಸಿನ ದನಿ ಹೇಳಿತು. ಮತ್ತೆ ಹಚ್ಚಿದಳು. ಅದೇ ದನಿ, ಅದೇ ನಯ. ಗುಡುಸಾಬನ ಹತ್ತಿರ ಇದ್ದದ್ದು ಸಣ್ಣ ಗುಂಡಿಯ ಫೋನು. ಒಂದು ಗುಂಡಿ ಒತ್ತಿ ಹಿಡಿದರೆ ಮುನೀರಾಳಿಗೆ ಹೋಗುವಂತೆ ಅವಳೇ ಮಾಡಿಕೊಟ್ಟಿದ್ದಳು. ಮಗನ ನಂಬರು ಅದರಲ್ಲಿರಲಿಲ್ಲ. ಮಗನ ದನಿ ಕೇಳಿಸಿದರೆ ಸಾಕು, ಮುದುಕ ಕೆಂಪು ಗುಂಡಿ ಒತ್ತುತ್ತಿದ್ದ.

"ಗುರಣ್ಣಾ, ಗಾಡಿ ನಿಂದರಸ್ರಿ," ಎಂದು ಅವಳು ಕೂಗಿದಳು.

ಜೀಪಿನ ಡ್ರೈವರ್ ಗುರಣ್ಣ ಕನ್ನಡಿಯಲ್ಲಿ ನೋಡಿದ. ಅವನು ಅವಳನ್ನು ಪ್ರತಿ ಸಂತೆಗೂ ಕರೆದೊಯ್ಯುವವನು. "ಇಲ್ಲಿ ಇಳದು ಏನ್ ಮಾಡ್ತಿ ತಂಗಿ? ಫೋನಿಗೇನು? ಹಂಗಿದ್ರ ಮುಂದ ಕಾಲುವಿ ಬರತೈತಿ. ಏರಿ ಮ್ಯಾಲ ರೇಂಜ್ ಚಲೋ ಸಿಗತೈತಿ. ಅಲ್ಲಿ ಇಳಸ್ತೇನಿ."

ಕಾಲುವೆಯ ಹತ್ತಿರ ಅವಳು ಗಂಟಿನೊಂದಿಗೆ ಇಳಿದಳು. ಜೀಪು ಧೂಳೆಬ್ಬಿಸಿ ಹೋಯಿತು. ಏರಿಯ ಮೇಲೆ ಹತ್ತುವಾಗ ಕಲ್ಲು ಜಾರಿ ಮೊಣಕಾಲು ತರಚಿತು. ಅವಳು ನೋಡಿಕೊಳ್ಳಲೂ ಇಲ್ಲ. ಮೇಲೆ ಒಂದು ಜಾಲಿಮರದ ನೆರಳಿನಲ್ಲಿ ಕಂಬಳಿ ಹಾಸಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಸುತ್ತ ಕುರಿ, ನಾಲ್ಕಾರು ಆಡು. ಅವಳು ಅರಕೇರಿ ಕಡೆಯವಳು, ಹೆಸರು ಬೋರವ್ವ. ಸಂತೆಗೆ ಹೋಗುವ ಹೆಂಗಸು ನಡುದಾರಿಯಲ್ಲಿ ಇಳಿದದ್ದು ಅವಳಿಗೆ ವಿಚಿತ್ರವೆನಿಸಿರಬೇಕು.

"ಏನ್ ಕಳಕೊಂಡಿ ಯವ್ವಾ?" ಎಂದು ಕೇಳಿದಳು.

"ನಮ್ಮ ಮಾವಾರು ಕಳದಾರ ಬೇ. ಮುಂಬೈದಾಗ."

"ಮುಂಬೈದಾಗ ಕಳದವರನ್ನ ಇಲ್ಲಿ ಹುಡುಕಾಕತ್ತಿಯೇನು?" ಎಂದು ಬೋರವ್ವ ನಗಲು ಹೋಗಿ, ಮುನೀರಾಳ ಮುಖ ನೋಡಿ ನಗು ನುಂಗಿದಳು. ಕಂಬಳಿಯ ಮೇಲೆ ಸರಿದು ಜಾಗ ಮಾಡಿದಳು. ಮುನೀರಾ ಕೂರಲಿಲ್ಲ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಅದುರಿತು. ಗುಡುಸಾಬ.

"ಮುನೀರಾ, ಜಾವೀದ ಕಳದಾನ."

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಅಬ್ಬಾ, ನೀವು ಎಲ್ಲಿದೀರಿ?"

"ನನ್ನ ಬಿಡು. ನಾ ಮ್ಯಾಲ ಬಂದೇನಿ. ಮಂದಿ ಎಲ್ಲಾ ಒಮ್ಮೆಲೇ ಇಳದ್ರು, ನಾನೂ ಇಳದೆ. ಅಲ್ಲಿ ಗೇಟಿನ್ಯಾಗ ಬಿಡವಲ್ಲರು, ಚೀಟಿ ಕೊಡು ಅಂತಾರ. ಒಬ್ಬಾಕಿ ಪೊಲೀಸಿನ ಹಂಗ ಇದ್ದಾಕಿ ಕೈ ಹಿಡದು ಹೊರಗ ಬಿಟ್ಟಳು. ಅವ ಕೆಳಗ ಅದಾನ. ಅವಗ ಏನೂ ತಿಳಿಯೂದಿಲ್ಲ, ಇದೇ ಮೊದಲ ಸಲ ಬಂದಾನ."

"ಅಬ್ಬಾ, ಅವರು ಕಳದಿಲ್ರಿ. ನೀವು ಕಳದೀರಿ. ಬಾಜೂಕ ಯಾರರ ಇದ್ರ ಫೋನ್ ಕೊಡ್ರಿ."

"ನಾ ಯಾಕ ಕಳೀತೇನಿ? ನಾ ಏನ್ ಸಣ್ಣ ಕೂಸ?"

"ಕೊಡ್ರಿ ಅಬ್ಬಾ, ದಯಮಾಡಿ."

ಗೊಣಗುತ್ತ ಕೊಟ್ಟ. ಒಬ್ಬ ಗಂಡಸಿನ ದನಿ ಬಂತು, ಚಹಾದಂಗಡಿಯವನದು. ಮುನೀರಾ ಮನೆಮಾತಿನ ಉರ್ದುವಿಗೆ ಒಂದಿಷ್ಟು ಹಿಂದಿ ಬೆರೆಸಿ ಕೇಳಿದಳು. ಇದು ದಾದರ, ಮೆಟ್ರೋ ಸ್ಟೇಶನ್ನಿನ ಬಾಗಿಲ ಹೊರಗೆ, ಮುದುಕರು ಚೆನ್ನಾಗಿದ್ದಾರೆ, ಸ್ವಲ್ಪ ಸಿಟ್ಟಿನಲ್ಲಿದ್ದಾರೆ ಎಂದು ಅವನು ಹೇಳಿದ. ಅಂಗಡಿಯ ಪಕ್ಕ ಔಷಧಿ ಅಂಗಡಿ ಇದೆ ಎಂದೂ ಹೇಳಿದ. ಅವರನ್ನು ಅಲ್ಲೇ ಕೂಡಿಸಿಕೊಳ್ಳಿರಿ ಎಂದು ಮುನೀರಾ ಬೇಡಿಕೊಳ್ಳುತ್ತಿರುವಾಗಲೇ ಗುಡುಸಾಬ ಫೋನು ಕಸಿದುಕೊಂಡ.

"ನಾ ಕೆಳಗ ಹೋಗಿ ನೋಡಿ ಬರತೇನಿ. ಮುಂದಿನ ಗಾಡಿಗೆ ಬಂದಿರಬೇಕು."

"ಬ್ಯಾಡ್ರಿ ಅಬ್ಬಾ! ಅವರು ಮರೋಳಕ್ಕ..."

ಕೆಂಪು ಗುಂಡಿ ಒತ್ತಿಬಿಟ್ಟಿದ್ದ.

ಜಾವೀದನಿಗೆ ಹಚ್ಚಿದಳು. ವ್ಯಾಪ್ತಿ ಪ್ರದೇಶದ ಹೊರಗೆ. ಗುಡುಸಾಬನಿಗೆ ಹಚ್ಚಿದಳು. ಅವನೂ ಹೊರಗೆ. ಒಂದೇ ನೆಲದೊಳಗೆ, ಒಂದೇ ಸುರಂಗದಲ್ಲಿ ಇಬ್ಬರೂ ಇದ್ದರು. ಒಬ್ಬ ಗಾಡಿಯಲ್ಲಿ ದಾದರವನ್ನು ದಾಟಿ ಹೋಗುತ್ತಿರಬೇಕು, ಇನ್ನೊಬ್ಬ ಗೇಟಿನ ಈಚೆ ನಿಂತು ಬರುವವರ ಮುಖ ನೋಡುತ್ತಿರಬೇಕು. ಅವಳು ಗಂಡನಿಗೆ ಸಂದೇಶ ಬರೆದಳು. ಅದರ ಕೆಳಗೆ ಒಂದೇ ಟಿಕ್ ಗುರುತು ಬಿದ್ದು ನಿಂತಿತು, ಎರಡನೆಯದು ಬೀಳಲಿಲ್ಲ. ಮರೋಳಕ್ಕೆ ಹೋಗಿರೆಂದು ಹೇಳಿದವಳು ತಾನೇ. ಇನ್ನು ಸ್ವಲ್ಪ ಹೊತ್ತು ತಡೆದು ಹೇಳಿದ್ದರೆ ಆಗುತ್ತಿತ್ತು. ಏರಿಯ ಮೇಲೆ ಅವಳು ಜಾಲಿಮರದಿಂದ ತೂಬಿನವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಕುರಿಗಳು ಅವಳಿಗೆ ದಾರಿ ಬಿಟ್ಟು ಬಿಟ್ಟು ಬೇಸತ್ತು ಕೆಳಗಿಳಿದವು.

"ಕೂಡ್ರ ಯವ್ವಾ. ನೀ ಅಡ್ಡಾಡಿದ್ರ ಅವರು ಸಿಗತಾರೇನು?" ಎಂದು ಬೋರವ್ವ ನೀರಿನ ಬಾಟಲಿ ಚಾಚಿದಳು.

ಮುನೀರಾ ಕುಡಿದಳು. "ಕೂತರ ಇನ್ನೂ ಆಗೂದಿಲ್ಲ ಬೇ. ಎದಿ ಹಾರಿದಂಗ ಆಗತೈತಿ."

"ಮಾವಗ ವಯಸ್ಸೆಷ್ಟು?"

"ಎಪ್ಪತ್ತರ ಮ್ಯಾಲ. ಗಟ್ಟಿ ಅದಾರ. ಆದ್ರ ಹಟ. ಮಗನೂ ಅಂಥಾವನ."

ಬೋರವ್ವ ಇನ್ನೇನೋ ಕೇಳಬೇಕೆಂದಿದ್ದಳು. ಆಗ ಜಾವೀದನ ಕರೆ ಬಂತು. ಮರೋಳ ನಾಕಾದಲ್ಲಿ ಮೇಲೆ ಬಂದಿದ್ದ.

"ಇಲ್ಲಿ ಇಲ್ಲ, ಮುನೀರಾ. ಕೆಳಗೂ ನೋಡಿದೆ, ಮ್ಯಾಲೂ ನೋಡಿದೆ. ಅತ್ತಿ ಮನೀಗೂ ಹೋಗಿಲ್ಲಂತ."

"ದಾದರದಾಗ ಅದಾರ್ರಿ. ಚಹಾದಂಗಡಿ, ಬಾಜೂಕ ಔಷಧಿ ಅಂಗಡಿ."

"ದಾದರ? ಮೊದಲ ಹೇಳಾಕ ಏನಾಗಿತ್ತು? ದಾದರ ದಾಟೇ ಬಂದೇನಿ!"

"ನಿಮಗ ಫೋನ್ ಹತ್ತಿದ್ರ ತಾನ ಹೇಳೂದು? ನೆಲದಾಗ ಹೊಕ್ಕೊಂಡು ಕೂತಿದ್ರಿ!"

ಅವಳ ದನಿ ಒಡೆದದ್ದು ಅವನಿಗೂ ಕೇಳಿಸಿತು. "ಅಳಬ್ಯಾಡ," ಎಂದ. "ಹೊಂಟೆ ಈಗ."

ಅವನು ಮತ್ತೆ ನೆಲದೊಳಗೆ ಇಳಿದ. ಅವನ ಫೋನು ಸತ್ತ ಸ್ವಲ್ಪ ಹೊತ್ತಿಗೆ ಗುಡುಸಾಬನ ಫೋನು ಜೀವ ಹಿಡಿಯಿತು. ಮೇಲೆ ಬಂದಿದ್ದ. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ.

"ಸಿಗಲಿಲ್ಲ ಬೇಟಿ. ಎಷ್ಟು ಗಾಡಿ ಬಂದ್ವು, ಹ್ವಾದ್ವು. ನಾ ತಿರಗಿ ವೀಟಿಗೆ ಹೋಗ್ತೇನಿ. ಅಲ್ಲೇ ಕುರ್ಚಿ ಮ್ಯಾಲ ಕೂತಿರತಾನ. ಸಣ್ಣಾಂವಿದ್ದಾಗ ವಿಜಾಪುರದ ಬಸ್ ಸ್ಟ್ಯಾಂಡಿನ್ಯಾಗ ಒಮ್ಮೆ ಕಳದಿದ್ದ. ನಾ ಗುಮ್ಮಟದ ತನಕ ಹುಚ್ಚನಂಗ ಹುಡುಕಿ ಬಂದೆ. ಅವ ಬಸ್ಸಿನ ಗಾಲಿ ಬಾಜೂಕ ಕೂತು, ಅತ್ತು ಅತ್ತು ಮಲಗಿಬಿಟ್ಟಿದ್ದ. ಯಾರರ ಬಸ್ ಬಿಟ್ಟಿದ್ರ..." ಮುದುಕ ಆ ಮಾತನ್ನು ಅರ್ಧಕ್ಕೇ ಬಿಟ್ಟ. "ನಾ ಹೋಗ್ತೇನಿ."

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮುನೀರಾ ಮಾವನ ಎದುರು ದನಿ ಎತ್ತಿದವಳಲ್ಲ. ಅಂದು ಕಾಲುವೆಯ ಆಚೆ ದಂಡೆಗೂ ಕೇಳುವಂತೆ ಕೂಗಿದಳು.

"ಅಬ್ಬಾ, ಅಲ್ಲೇ ನಿಂದರ್ರಿ! ಅವರು ದಾದರಕ್ಕ ಬರಾಕತ್ತಾರ. ನೀವು ಅಲ್ಲಿಂದ ಒಂದು ಹೆಜ್ಜಿ ಇಟ್ರ ನನ್ನ ಆಣಿ ಐತಿ! ನಾ ಇಲ್ಲಿ ಹೊಲದಾಗ ನಿಂತು ಎಷ್ಟಂತ ಒದರಲಿ? ಯಾರರ ಒಬ್ಬರು ಒಂದು ಕಡೆ ನಿಂದರಬೇಕೋ ಬ್ಯಾಡೋ?"

ಆ ಕಡೆ ಫೋನು ಕಟ್ಟಾಯಿತು. ಅವಳು ತಕ್ಷಣ ತಿರುಗಿ ಹಚ್ಚಿದಳು. ವ್ಯಾಪ್ತಿ ಪ್ರದೇಶದ ಹೊರಗೆ. ಅಂದರೆ ಮತ್ತೆ ಕೆಳಗೆ ಇಳಿದಿದ್ದಾನೆ. ಸೊಸೆ ಬೈದಳೆಂದು ಮನಸ್ಸಿಗೆ ಹಚ್ಚಿಕೊಂಡು ವೀಟಿಯ ಗಾಡಿ ಹತ್ತಿಬಿಟ್ಟನೋ ಏನೋ. ಅಲ್ಲಿಂದ ಇನ್ನೆಲ್ಲಿಗೆ ಹೋಗುತ್ತಾನೋ. ಅಷ್ಟು ದೊಡ್ಡ ಊರಿನಲ್ಲಿ ಬಿಳಿ ಟೋಪಿ, ಬಿಳಿ ಗಡ್ಡದ ಮುದುಕರು ಎಷ್ಟು ಮಂದಿ ಇರುವುದಿಲ್ಲ. ಯಾರಿಗೆಂದು ಗುರುತು ಹೇಳುವುದು? ಅವಳು ಗಂಟಿನ ಮೇಲೆ ಕುಸಿದು ಕೂತಳು, ಕೂತಲ್ಲಿ ಕೂರಲಾಗದೆ ಎದ್ದಳು. ಬಿಸಿಲು ಏರಿತ್ತು. ಕಾಲುವೆಯ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಸಂತೆಯ ಜೀಪುಗಳು ಒಂದರ ಹಿಂದೆ ಒಂದು ದಾಟಿ ಹೋದವು. ಫೋನನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಿಸುತ್ತ ಅವಳು ತೂಬಿನ ಕಟ್ಟೆಯ ಮೇಲೆ ಹತ್ತಿ ನಿಂತಳು, ಎತ್ತರಕ್ಕೆ ಹೋದರೆ ಮುಂಬೈ ಇನ್ನಷ್ಟು ಸಮೀಪವಾದೀತೆಂಬಂತೆ.

"ಕಾಲುವ್ಯಾಗ ಬಿದ್ದೀ!" ಎಂದು ಬೋರವ್ವ ಸೆರಗು ಹಿಡಿದು ಎಳೆದಳು.

ಕೊನೆಗೆ ಜಾವೀದನ ಕರೆ ಬಂತು. ದಾದರದಲ್ಲಿ ಮೇಲೆ ಬಂದಿದ್ದ.

"ಇಲ್ಲಿ ಚಹಾದಂಗಡೀನ ಇಲ್ಲ. ಔಷಧಿ ಅಂಗಡೀನೂ ಇಲ್ಲ. ಒಂದು ಬ್ಯಾಂಕ್ ಐತಿ. ಯಾರನ್ನರ ಕೇಳಿದ್ರ, ಹೊರಗ ಬರೂ ಬಾಗಲಾ ಬ್ಯಾರೆ ಬ್ಯಾರೆ ಅದಾವ ಅಂತಾರ. ಯಾವ ಬಾಗಲಾ ಅಂತ ಕೇಳಿದೇನು ನೀ?"

ಅವಳು ಕೇಳಿರಲಿಲ್ಲ. ಅಷ್ಟರಲ್ಲಿ ಕಿವಿಯಲ್ಲಿ ಟುಂಯ್ ಟುಂಯ್ ಎಂದು ಇನ್ನೊಂದು ಕರೆಯ ಸೂಚನೆ. ನೋಡಿದರೆ ಗುಡುಸಾಬನದು. ಇದನ್ನು ಎತ್ತಲು ಹೋದರೆ ಅದು ಕಟ್ಟಾದರೆ? ಬೆಳಿಗ್ಗೆಯಿಂದ ಇದೇ ಮೊದಲ ಸಲ ಇಬ್ಬರೂ ಒಮ್ಮೆಲೇ ನೆಲದ ಮೇಲೆ ಇದ್ದರು. ಒಬ್ಬರನ್ನೂ ಬಿಡುವ ಧೈರ್ಯ ಅವಳಿಗಾಗಲಿಲ್ಲ.

"ಬೇ, ನಿನ್ನ ಫೋನ್ ಕೊಡ ಬೇ! ಜಲ್ದಿ!"

ಬೋರವ್ವ ಕುಬಸದೊಳಗಿಂದ ತನ್ನ ಸಣ್ಣ ಫೋನು ತೆಗೆದು ಕೊಟ್ಟಳು. ಮುನೀರಾ ಜಾವೀದನಿಗೆ, "ಕಟ್ ಮಾಡಬ್ಯಾಡ್ರಿ, ನಿಂತಲ್ಲೇ ನಿಂದರ್ರಿ" ಎಂದು ಹೇಳಿ, ಬೋರವ್ವನ ಫೋನಿನಲ್ಲಿ ಮಾವನ ನಂಬರು ಒತ್ತಿದಳು. ಮೊದಲು ಬಿಜಿ ಬಂತು. ಮತ್ತೆ ಒತ್ತಿದಳು. ಈ ಸಲ ರಿಂಗಾಯಿತು.

"ಯಾರದು?"

"ನಾನ ರಿ ಅಬ್ಬಾ, ಮುನೀರಾ. ನೀವು ವೀಟಿಗೆ..."

"ನೀ ನಿಂದರು ಅಂದಿ, ನಿಂತೇನಿ. ನಡುವ ಒಮ್ಮೆ ಕೆಳಗ ಪಾಯಖಾನೆಗೆ ಹೋಗಿ ಬಂದೇನಿ, ಅಷ್ಟ. ಅದಕ್ಕೂ ಆಣಿ ಹಾಕಿದ್ದೇನು?"

ಮುನೀರಾಳಿಗೆ ಅಳು ನಗು ಎರಡೂ ಬಂದವು. "ಅವರೂ ಅಲ್ಲೇ ಬಂದಾರ. ಬ್ಯಾರೆ ಬಾಗಲದಾಗ ಅದಾರ."

"ಈ ಕಡೆ ಬಾ ಅಂತ ಹೇಳು ಅವಗ."

ಅವಳು ತನ್ನ ಫೋನಿಗೆ ಹೇಳಿದಳು. "ಆ ಕಡೆ ಬರಬೇಕಂತ."

"ಆ ಕಡೆ ಅಂದ್ರ ಯಾವ ಕಡೆ? ಎದುರಿಗೆ ಏನು ಕಾಣತೈತಿ ಅಂತ ಕೇಳು."

"ಎದುರಿಗೆ ಏನು ಕಾಣತೈತಿ ಅಂತ ಕೇಳಾಕತ್ತಾರ."

"ಮಂದಿ ಕಾಣತಾರ ಅಂತ ಹೇಳು. ಚೀಲ ತಂದಾನೋ ಇಲ್ಲೋ ಕೇಳು ಮೊದಲ. ಅಕ್ಕಗ ಒಯ್ದ ಮನೂಕ ಅದರಾಗ ಐತಿ."

"ಚೀಲ..." ಎಂದು ಹೇಳಹೊರಟ ಮುನೀರಾ ಅಲ್ಲಿಗೇ ನಿಂತಳು. ಆ ಬಿಸಿಲಲ್ಲಿ, ತರಚಿದ ಮೊಣಕಾಲು ಉರಿಯುತ್ತಿದ್ದಾಗ, ಎರಡೂ ಕೈಯಲ್ಲಿ ಎರಡು ಫೋನು ಹಿಡಿದು ಒಣದ್ರಾಕ್ಷಿ ಮನೂಕದ ಸುದ್ದಿಯನ್ನು ಒಂದು ಕಿವಿಯಿಂದ ಇನ್ನೊಂದು ಬಾಯಿಗೆ ಸಾಗಿಸುತ್ತಿದ್ದ ತನ್ನನ್ನು ತಾನೇ ಕಂಡಂತಾಯಿತು.

"ನನ್ನ ಕೈಲಿ ಆಗೂದಿಲ್ಲ," ಎಂದಳು, ಎರಡೂ ಫೋನಿಗೆ. "ನಾ ಇನ್ನು ಒಂದು ಮಾತೂ ಆ ಕಡಿಂದ ಈ ಕಡೆ ತರೂದಿಲ್ಲ. ಇವತ್ತೂ ತರೂದಿಲ್ಲ, ಊರಿಗೆ ಬಂದ ಮ್ಯಾಲೂ ತರೂದಿಲ್ಲ. ನೀವ ಮಾತಾಡ್ರಿ."

ಎರಡೂ ಫೋನಿನ ಸ್ಪೀಕರು ಹಚ್ಚಿ, ಒಂದರ ಬಾಯಿ ಇನ್ನೊಂದರ ಕಿವಿಗೆ ಬರುವಂತೆ ಉಲ್ಟಾ ಮಾಡಿ ಜೋಡಿಸಿ ಹಿಡಿದಳು. ಬೋರವ್ವ ಎದ್ದು ಬಂದು ಕೆಳಗಿನಿಂದ ತನ್ನ ಕೈ ಆನಿಸಿದಳು.

ಎರಡೂ ಫೋನಿನಿಂದ ಗಾಡಿಗಳ ಸದ್ದು ಬರುತ್ತಿತ್ತು. ಒಂದರಲ್ಲಿ ಯಾವುದೋ ಆಂಬ್ಯುಲೆನ್ಸು ಕೂಗಿತು. ಮರುಕ್ಷಣ ಅದೇ ಕೂಗು ಇನ್ನೊಂದರಲ್ಲೂ ಕೇಳಿತು.

"ಎರಡರಾಗೂ ಒಂದ ಸಪ್ಪಳ," ಎಂದು ಬೋರವ್ವ ಪಿಸುಗುಟ್ಟಿದಳು. "ಬಾಜೂಕ ಬಾಜೂಕ ಅದಾರ, ತಂಗಿ."

ಆಗ ಗುಡುಸಾಬನ ದನಿ ಬಂತು. "ಲೇ, ಜಾವೀದ್ಯಾ."

"ಹಾಂ... ಅಬ್ಬಾ."

"ಎಲ್ಲಿ ಸತ್ತಿದ್ಯೋ ಬೆಳಗಿನಿಂದ?"

"ನಿಮ್ಮನ್ನ ಹುಡುಕಾಕತ್ತಿದ್ದೆ."

"ನಾ ನಿನ್ನ ಹುಡುಕಾಕತ್ತೇನಿ. ಏನರ ತಿಂದೇನು?"

ಜಾವೀದ ಮೂಗು ಎಳೆದುಕೊಂಡದ್ದು ಮಾತ್ರ ಕೇಳಿಸಿತು. ಆಮೇಲೆ ನಿಧಾನವಾಗಿ, ಪ್ರತಿಯೊಂದು ಮಾತನ್ನೂ ಬಿಡಿಬಿಡಿಯಾಗಿ ಹೇಳಿದ. "ಅಬ್ಬಾ, ಕೇಳ್ರಿ. ಆ ಆಂಬ್ಯುಲೆನ್ಸ್ ನಿಮ್ಮ ಮುಂದ ಹ್ವಾತಲ್ಲ? ನನ್ನ ಮುಂದೂ ಹ್ವಾತು. ನೀವು ರಸ್ತಾದ ಆ ಕಡೆ ಅದೀರಿ. ನಾ ಕೆಳಗ ಇಳದು, ಆ ಕಡೆ ಬಾಗಲದಿಂದ ಮ್ಯಾಲ ಬರತೇನಿ. ಕೆಳಗ ಫೋನ್ ಹತ್ತೂದಿಲ್ಲ. ಕಟ್ ಆದ್ರ ಅಂಜಬ್ಯಾಡ್ರಿ. ನೀವು ಅಲುಗಾಡಬ್ಯಾಡ್ರಿ. ನಾ ಬರತೇನಿ."

"ಬಾ," ಎಂದ ಮುದುಕ.

ಮುನೀರಾಳ ಫೋನು ಕಟ್ಟಾಯಿತು. ಬೋರವ್ವನ ಫೋನಿನಲ್ಲಿ ಗುಡುಸಾಬ ಇನ್ನೂ ಇದ್ದ.

"ಹ್ವಾದನೇನು?"

"ಕೆಳಗ ಇಳದಾರ ಅಬ್ಬಾ. ಬರತಾರ."

"ಇಷ್ಟೊತ್ತು ಯಾಕ ಬೇಕು?"

"ಈಗ ಇಳದಾರ್ರಿ."

"ತಪ್ಪಿ ಗಾಡಿ ಹತ್ತಿಬಿಟ್ರ?"

"ಹತ್ತೂದಿಲ್ರಿ. ನಿಮ್ಮ ಅಕ್ಕಾರ ಸುದ್ದಿ ಹೇಳ್ರಿ ನನಗ. ಸಣ್ಣವರಿದ್ದಾಗ ನಿಮ್ಮನ್ನ ಅವರ ಎತ್ತಿಕೊಂಡು ಅಡ್ಡಾಡ್ತಿದ್ರಂತ, ಹೌದೇನು?"

ಮುದುಕನ ಉಸಿರು ಮಾತ್ರ ಬರುತ್ತಿತ್ತು, ಅದರ ಜೊತೆ ಚಹಾದಂಗಡಿಯವನ ಗ್ಲಾಸಿನ ಸದ್ದು. ಮುನೀರಾಳಿಗೆ ಆ ಹೊತ್ತು ಬೆಳಗಿನಿಂದ ಕಳೆದ ಎಲ್ಲ ಹೊತ್ತಿಗಿಂತ ದೊಡ್ಡದೆನಿಸಿತು. ಜಾವೀದ ಕೆಳಗೆ ಯಾವ ಮೂಲೆಗೆ ತಿರುಗಿದ್ದಾನೋ, ಯಾವ ಬಾಣದ ಗುರುತು ನೋಡುತ್ತಿದ್ದಾನೋ, ಮೇಲೆ ಬಂದರೆ ಮೂರನೆಯ ಬಾಗಿಲಲ್ಲಿ ಬರುತ್ತಾನೋ. ಅವಳು ಕಣ್ಣು ಮುಚ್ಚಿಕೊಂಡಳು. ಬೋರವ್ವನ ಕೈ ಅವಳ ಕೈಯ ಕೆಳಗೇ ಇತ್ತು.

"ಏ!" ಎಂದಿತು ಫೋನು ಒಮ್ಮೆಲೇ. "ಏ, ಇಲ್ಲಿ! ಇಲ್ಲೋ! ಬಂದ... ಬಂದ ನೋಡು ಮುನೀರಾ, ಚೀಲ ತಗೊಂಡ..."

ಅಷ್ಟೇ. ಗುಡುಸಾಬ ಕೆಂಪು ಗುಂಡಿ ಒತ್ತಿದ್ದ.

ಅವರು ಅಪ್ಪಿಕೊಂಡರೋ, ಬೈದುಕೊಂಡರೋ, ಸುಮ್ಮನೆ ನಿಂತರೋ ಮುನೀರಾಳಿಗೆ ತಿಳಿಯಲಿಲ್ಲ. ಅವಳು ಕಂಬಳಿಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬೋರವ್ವ ಅವಳನ್ನು ಅಳಲು ಬಿಟ್ಟಳು. ಆಮೇಲೆ, "ತಂಗಿ, ನಿನ್ನ ಗಂಟು" ಎಂದಳು. ಒಂದು ಆಡು ಗಂಟನ್ನು ಬಿಚ್ಚಿ, ಮೇಲಿನ ನೀಲಿ ಪೆಟಿಕೋಟಿನ ಅಂಚನ್ನು ಮೆಲ್ಲುತ್ತ ನಿಂತಿತ್ತು. ಮುನೀರಾ ಅದನ್ನು ಓಡಿಸಿ, ಚೆನ್ನಾಗಿದ್ದ ಒಂದನ್ನು ತೆಗೆದು ಬೋರವ್ವನ ಕಂಬಳಿಯ ಮೇಲಿಟ್ಟಳು. ಬೋರವ್ವ ಬೇಡವೆಂದಳು, ಆಮೇಲೆ ಅಗಲಿಸಿ ನೋಡಿ, "ಹೊಲಿಗಿ ಚಲೋ ಐತಿ" ಎಂದು ಮಡಚಿಟ್ಟುಕೊಂಡಳು. ಸಂತೆಯ ಹೊತ್ತು ಮೀರಿತ್ತು. ಮುನೀರಾ ತಿಕೋಟಾಕ್ಕೆ ಮರಳುವ ಜೀಪಿಗಾಗಿ ರಸ್ತೆಗೆ ಇಳಿದಳು.

ಸಂಜೆ ಜಾವೀದ ಫೋನು ಮಾಡಿದ. ಹಾಜಿರಾಬಿ ತಮ್ಮನ ಗುರುತು ಹಿಡಿದಳು, ಅವನ ಕೈ ಬಿಡಲಿಲ್ಲ, ಮನೂಕ ಒಂದೊಂದೇ ತಿಂದಳು ಎಂದು ಹೇಳಿದ. ದಾದರದ ಬಗ್ಗೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅವಳಿಗೆ ಒಂದೇ ಕಳವಳ. ತಾನು ಮಾವನಿಗೆ ಹಾಗೆ ಕೂಗಬಾರದಿತ್ತು. ಇನ್ನು ಮಾತು ತರುವುದಿಲ್ಲ ಎಂದು ಹೇಳಿಬಿಟ್ಟದ್ದೂ ಹೆಚ್ಚಾಯಿತೋ ಏನೋ. ಅವರಿಬ್ಬರೂ ಸೇರಿ ಈಗ ತನ್ನ ಜೊತೆಯೇ ಮಾತು ಬಿಟ್ಟರೆ?

ಅವರು ಮರಳುವ ಬೆಳಿಗ್ಗೆ ಅವಳು ಹೊನವಾಡದಿಂದ ಮೊದಲ ಬಸ್ಸಿಗೆ ಹೊರಟು ವಿಜಯಪುರದ ರೈಲು ನಿಲ್ದಾಣಕ್ಕೆ ಬಂದಳು. ಗಾಡಿ ತಡವಾಗಿತ್ತು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಅಡ್ಡಾಡಿದಳು. ಗಾಡಿ ಬಂದು ನಿಂತಾಗ ಮೊದಲು ಕೇಳಿಸಿದ್ದು ಗುಡುಸಾಬನ ದನಿ, ಆಮೇಲೆ ಕಂಡದ್ದು ಅವನು.

"ಚೀಲ ತರತೇನಿ ಅಂತ ಒಂದು ಮಾತು ಹೇಳಿದ್ರ ನಾಲಿಗಿ ಸವೀತಿತ್ತೇನು?"

"ನೀವು ನನ್ನ ಕಡೆ ನೋಡಿದ್ರ ಹೇಳ್ತಿದ್ದೆ. ಗ್ವಾಡಿ ಕಡೆ ಮಾರಿ ಮಾಡಿ ಕೂತಿದ್ರಿ," ಎಂದು ಜಾವೀದ ಹಿಂದಿನಿಂದ ಇಳಿಯುತ್ತ ಹೇಳಿದ. ಮುಂಬೈಯಿಂದ ಇಲ್ಲಿಯವರೆಗೂ ಇದೇ ನಡೆದಿರಬೇಕು. ಅವರ ಹಿಂದೆ ಇಳಿದ ಒಬ್ಬ ಪ್ರಯಾಣಿಕ ಮುನೀರಾಳನ್ನು ನೋಡಿ, ನಿಮ್ಮವರೇ ಏನು ಎಂಬಂತೆ ತಲೆ ಅಲ್ಲಾಡಿಸಿ ಹೋದ.

ತಿಕೋಟಾದ ಬಸ್ಸಿನಲ್ಲಿ ಜಗಳ ನಿಂಬೆಗಿಡಕ್ಕೆ ಬಂತು. ಎರಡು ವರ್ಷದಲ್ಲಿ ಒಮ್ಮೆಯೂ ಬಾಯಿಗೆ ಬರದ ಮಾತು ಈಗ ಕಂಡಕ್ಟರನೂ ಕೇಳುವಂತೆ ಬಂತು.

"ನಾ ಹಚ್ಚಿದ ಗಿಡ. ಕಡಿಯೂ ಮುಂದ ನನ್ನ ಕೇಳಬೇಕಿತ್ತೋ ಬ್ಯಾಡೋ?"

"ಒಣಗಾಕತ್ತಿದ್ವು, ಅಬ್ಬಾ. ಬುಡದಾಗ ರೋಗ ಬಿದ್ದಿತ್ತು. ನಿಮಗ ಹೇಳಾಕ ಅಂಜಿಕಿ ಬಂತು. ನೀವು ಊರಾಗ ಇಲ್ಲದಾಗ ಮುಗಿಸಿಬಿಡೂಣು ಅಂದೆ."

"ರೋಗ ನನಗ ಕಾಣತಿರಲಿಲ್ಲೇನು? ಎಲ್ಲಾ ಗಿಡಕ್ಕೂ ಬಿದ್ದಿತ್ತೇನು?"

ಜಾವೀದ ಕಿಟಕಿಯ ಹೊರಗೆ ನೋಡಿದ. "ಎಲ್ಲಾಕ್ಕೂ ಇಲ್ಲ," ಎಂದ.

"ಹಂಗಾರ?"

"ಹಂಗಾರ ಏನು? ತಪ್ಪಾತು."

ಗುಡುಸಾಬ ಮುಂದಿನ ಸೀಟಿನಲ್ಲಿದ್ದ ಸೊಸೆಯ ಹೆಗಲು ತಟ್ಟಿದ. "ಕೇಳಿದೇನು ಮುನೀರಾ? ನೀನ ಹೇಳು."

ಮುನೀರಾ ತಿರುಗಲಿಲ್ಲ. ತಲೆಯನ್ನು ಸೀಟಿಗೆ ಆನಿಸಿ ಕಣ್ಣು ಮುಚ್ಚಿ, ನಿದ್ದೆ ಬಂದವಳಂತೆ ಇದ್ದಳು. ಹಿಂದೆ ಮುದುಕ ಮಗನನ್ನೇ, ಎಷ್ಟು ಗಿಡಕ್ಕೆ ರೋಗವಿರಲಿಲ್ಲ, ಅವು ಯಾವ ಬದುವಿನವು ಎಂದು ಒಂದೊಂದನ್ನೇ ಕೇಳತೊಡಗಿದ. ಜಾವೀದ ನೆನೆಸಿಕೊಂಡು ಹೇಳತೊಡಗಿದ. ಅವರ ದನಿ ಏರುತ್ತ ಇಳಿಯುತ್ತ ಇದ್ದಂತೆ ಅವಳಿಗೆ ನಿಜವಾಗಿಯೂ ನಿದ್ದೆ ಹತ್ತಿತು.

ತಿಕೋಟಾದಲ್ಲಿ ಇಳಿದು ಹೊನವಾಡದ ಬಸ್ಸಿಗೆ ಕಾಯಬೇಕಿತ್ತು. ಬದುವಿನ ಮೇಲೆ ಮತ್ತೆ ನಾಲ್ಕು ನಿಂಬೆಗಿಡ ಹಚ್ಚುವುದೋ ಬೇಡವೋ ಎಂದು ವಾದಿಸುತ್ತ ತಂದೆ ಮಗ ಇಬ್ಬರೂ ಎದುರಿನ ಹೋಟೆಲಿನತ್ತ ನಡೆದುಬಿಟ್ಟರು. ಚೀಲಗಳೆಲ್ಲ ನೆಲದ ಮೇಲೆ, ಮುನೀರಾಳ ಕಾಲ ಬಳಿ ಉಳಿದವು. ಅವಳು ಅವರ ಬೆನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎರಡು ಚೀಲ ಹೆಗಲಿಗೆ, ಒಂದು ಕೈಗೆ ತೆಗೆದುಕೊಂಡು ರಸ್ತೆ ದಾಟಿ ಹೋಟೆಲಿನೊಳಗೆ ಹೋದಳು. ಅವರ ಟೇಬಲಿನ ಮೇಲೆ ಎರಡು ಚಹಾ ಬಂದಿದ್ದವು. ಅವಳಿಗೊಂದು ಚಹಾ ಹೇಳುವುದನ್ನು ಇಬ್ಬರೂ ಮರೆತಿದ್ದರು.

ಅವಳು ಬೇರೆ ಟೇಬಲಿನಲ್ಲಿ ಕೂತು, ಒಂದು ಚಹಾ ಮತ್ತು ಒಂದು ಪ್ಲೇಟು ಮಂಡಕ್ಕಿ ಒಗ್ಗರಣೆ ತನಗಾಗಿ ತರಿಸಿಕೊಂಡಳು.